ಪ್ರಭುಲಿಂಗನ ಗಹನ ಧಾರಾವಾಹಿ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳ ಸಪ್ಪಳ ಎಷ್ಟೆಂದರೆ, ಗುಡುಗಲು ಬಂದ ಮೋಡ ನಾಚಿ ಮುಧೋಳದ ಕಡೆ ಹೊರಟುಹೋಗುತ್ತದೆ. ಕರೆಂಟ್ ಇದ್ದರೆ ಮಗ್ಗದ ಖಟಖಟದಲ್ಲಿ ಟಿವಿಯ ಮಾತು ಕೇಳಿಸದು. ಕರೆಂಟ್ ಹೋಗಿ ಮಗ್ಗ ನಿಂತರೆ ಟಿವಿಯೂ ನಿಂತಿರುತ್ತದೆ. ಹೀಗಾಗಿ ಹೊಸ ಧಾರಾವಾಹಿಯನ್ನು ಓಣಿಯವರು ಕಣ್ಣಿನಿಂದ ನೋಡುತ್ತಿದ್ದರು. ಕತೆಯನ್ನು ಮಗ್ಗಕ್ಕಿಂತ ದೊಡ್ಡ ಗಂಟಲಿನ ನೇಕಾರ ಪ್ರಭುಲಿಂಗ ಹೇಳುತ್ತಿದ್ದ.

ಅವನ ಪ್ರಕಾರ ಸೊಸೆ ಅತ್ತೆಗೆ ವಿಷ ಕುಡಿಸುತ್ತಿದ್ದಳು, ಮಾಳಿಗೆಯ ಹೆಂಗಸು ಮೊದಲ ಹೆಂಡತಿಯ ದೆವ್ವ, ಮಾವ ಒಬ್ಬನಲ್ಲ, ಮೂವರು.

“ಸರಳ ತಿಳಿದ್ರ ಅದೆಂಥಾ ಕತಿ? ತಲಿ ಗಿರ್ ಅನ್ನಬೇಕು. ಅದು ಊಂಚಾ ಮಾಲು,” ಎಂದು ಅವನ ವಾದ.

ಹೆಂಡತಿ ಅಂಜನಾಳಿಗೆ ಅಡುಗೆಯ ಚಾನೆಲ್ ಬೇಕಾಗಿತ್ತು. “ನಾಳೆ ಅಮಾಸಿ, ಮಗ್ಗಾ ಬಂದ್. ಕಿವಿಲೇ ಕೇಳೂಣು. ನಿಮ್ಮ ಕತಿ ಸುಳ್ಳಾತಂದ್ರ ರಿಮೋಟ್ ನಂದ್ರಿ,” ಎಂದಳು.

ಅಮಾವಾಸ್ಯೆಯ ಬೆಳಗಿನಿಂದಲೇ ಪ್ರಭುಲಿಂಗನ ಮುಖ ಹುಳಿಮಜ್ಜಿಗೆ ಕುಡಿದ ಬೆಕ್ಕಿನಂತಾಯಿತು. ಟಿವಿ ಕೆಟ್ಟಿದೆ ಎಂದು ಸುದ್ದಿ ಹಬ್ಬಿಸಿದ. ಪಕ್ಕದ ಮನೆಯ ಗಿರಮಲ್ಲಪ್ಪಕಾಕಾ ಬಂದು ಎರಡು ಏಟು ಕೊಟ್ಟು ಸರಿಮಾಡಿದ. ಪ್ರಭುಲಿಂಗ ಕೇಬಲ್ ಕಿತ್ತ; ಎದುರುಮನೆಯ ಸಿದ್ದಕ್ಕ ಜೋಡಿಸಿದಳು. ಕರೆಂಟಾದರೂ ಹೋಗಲೆಂದು ಹರಕೆ ಹೊತ್ತ. ಇಡೀ ವರ್ಷ ಕೈಕೊಟ್ಟ ಕರೆಂಟು ಅಂದು ಕಣ್ಣು ಮಿಟುಕಿಸಲಿಲ್ಲ.

ಸಂಜೆ ಜಮಖಂಡಿ ಸಂತೆಯಷ್ಟು ಜನ ಅವನ ಪಡಸಾಲೆಯಲ್ಲಿ ತುಂಬಿದರು. ಧಾರಾವಾಹಿ ಮೊದಲ ಸಲ ಬಾಯಿಬಿಟ್ಟಿತು. ಸೊಸೆ ಕುಡಿಸುತ್ತಿದ್ದುದು ಕೆಮ್ಮಿನ ಔಷಧ. ದೆವ್ವ ಮಾಳಿಗೆಯ ಬಾಡಿಗೆದಾರಳು. ಮಾವ ಒಬ್ಬನೇ; ಬರೀ ಮೂರು ಸಲ ಅಂಗಿ ಬದಲಿಸಿದ್ದ. ಅತ್ತೆಯ ಮಂಡಿನೋವಿಗೆ ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂಬುದೇ ಇಡೀ ಕತೆ.

ಜಾಹೀರಾತು ಬಂತು. ಅಂಜನಾ ರಿಮೋಟಿಗೆ ಕೈಚಾಚಿದಳು.

“ತಡಿಯವ್ವಾ,” ಎಂದಳು ಸಿದ್ದಕ್ಕ. “ಏನ್ ಸಪ್ಪನ್ನ ಕತಿ ಇದು? ನಿನ್ನಿತನಾ ಎಷ್ಟ್ ಛಲೋ ಇತ್ತು.”

ಗಿರಮಲ್ಲಪ್ಪ ತೀರ್ಪು ಕೊಟ್ಟ. “ಪ್ರಭ್ಯಾನ ಕತಿನ ಖರೆ. ರಿಮೋಟ್ ಅವಂದ. ಏಳಲೇ, ಮಗ್ಗಾ ಚಾಲೂ ಮಾಡು.”

“ಅಮಾಸಿರಿ ಕಾಕಾ. ಇವತ್ತ ನೇಯಬಾರ್ದು.”

“ನೇಯಂತ ಯಾರಂದ್ರು? ಲಾಳಿ ಹಾಕಬ್ಯಾಡ. ಬರೇ ಸಪ್ಪಳ ಮಾಡು.”

ಗೆದ್ದ ಪ್ರಭುಲಿಂಗ ರಿಮೋಟನ್ನು ಜೇಬಿಗಿಳಿಸಿ, ಪಟ್ಟವೇರಿದ ರಾಜನಂತೆ ಹಿಂದಿನ ಕೋಣೆಗೆ ಹೋಗಿ ಮಗ್ಗ ಹಚ್ಚಿದ. ಓಡಿ ಬಂದು ಕತೆಗೆ ಬಾಯಿ ತೆರೆಯುವಷ್ಟರಲ್ಲಿ ಹಳೆಯ ಮಗ್ಗ ಗಕ್ಕನೆ ನಿಂತಿತು. ಕಾವಲಿಗೆ ಆಳಿಲ್ಲದೆ ಅದು ಓಡುವಂತಿರಲಿಲ್ಲ. ಪ್ರಭುಲಿಂಗನೇ ಮರಳಿ ಹೋಗಿ ಅದನ್ನು ಹಚ್ಚಿ ಪಕ್ಕದಲ್ಲಿ ನಿಲ್ಲಬೇಕಾಯಿತು.

ಪಡಸಾಲೆಯಲ್ಲಿ ಅಂಜನಾ ಎದ್ದು ನಿಂತಳು. ಅವಳ ಗಂಟಲು ಗಂಡನದಕ್ಕಿಂತ ಒಂದು ಕೈ ಮೇಲು. ಅತ್ತೆಯ ಮಂಡಿಯೊಳಗೆ ನಿಧಿಯ ಕೀಲಿಯಿದೆ ಎಂದು ಅವಳು ಶುರುಮಾಡಿದ್ದೇ ತಡ, ಬಿದ್ದ ಚಪ್ಪಾಳೆಗೆ ಹೆಂಚು ಅದುರಿದವು.

ಖಾಲಿ ಮಗ್ಗದ ಪಕ್ಕ ನಿಂತ ಪ್ರಭುಲಿಂಗ ಜೇಬಿನಿಂದ ರಿಮೋಟ್ ತೆಗೆದು ಗೋಡೆಗೆ ಹಿಡಿದು ಒತ್ತಿಯೇ ಒತ್ತಿದ.

ಆಚೆ ಕಡೆ ಅಂಜನಾ ನಿಲ್ಲಲಿಲ್ಲ.