ಈಶಪ್ಪ ಮಾಸ್ತರರ ಹೆಸರು ಮುಗಿದ ದಿನ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಈಶಪ್ಪ ಮಾಸ್ತರರ ಹೆಸರು ಮುಗಿದುಹೋಯಿತು. ಮನುಷ್ಯ ಗಟ್ಟಿಮುಟ್ಟಾಗಿಯೇ ಇದ್ದರು. ಮೀಸೆಗೆ ಬಣ್ಣ ಹಚ್ಚಿಕೊಂಡು, ಶಹಾಪುರದ ಕಾಲುವೆ ಕಚೇರಿಯ ಮುಂದೆ ಮೋಟಾರ್ ಸೈಕಲ್ ಒದೆಯುತ್ತ ನಿಂತಿದ್ದರು. ಮುಗಿದದ್ದು ಅವರು ಇಂಟರ್‌ನೆಟ್ಟಿನಲ್ಲಿ ಕೊಂಡುಕೊಂಡಿದ್ದ ಹೆಸರು.

ಆ ಹೆಸರಿನ ಕತೆ ಇಷ್ಟು. ಗೋಗಿಯ ಆಚೆ, ಕಾಲುವೆ ಇನ್ನೇನು ಮುಗಿಯಿತು ಅನ್ನುವಲ್ಲಿ ಇವರ ಊರು. ನಿವೃತ್ತರಾದ ಮೇಲೆ ಮಾಸ್ತರರು ಅಲ್ಲಿನ ತೂಬಿನ ನೀರಿನ ಸಂಘಕ್ಕೆ ಅಧ್ಯಕ್ಷರಾದರು. ಹೋದ ವರ್ಷ ಯಾರೋ ಪುಣ್ಯಾತ್ಮ ಅವರ ಫೋಟೋ ಹಾಕಿಕೊಂಡು, "ಈ ವಾರ ನೀರಿಲ್ಲ" ಎಂದು ಎಲ್ಲರ ಮೊಬೈಲಿಗೂ ಮೆಸೇಜ್ ಬಿಟ್ಟ. ಊರು ನಂಬಿ ಮನೆಯಲ್ಲಿ ಕೂತಿತು. ನೀರು ಬಂತು, ಯಾರೂ ಕಾಣಲಿಲ್ಲ, ಮುಂದಿನ ಊರಿಗೆ ಹೋಯಿತು.

ಮಾಸ್ತರರು ಹಟಕ್ಕೆ ಬಿದ್ದರು. ಕಂಪ್ಯೂಟರ್ ಅಂಗಡಿಗೆ ಹೋಗಿ ಸ್ವಂತದ್ದೊಂದು ಡೊಮೇನ್, ಅಂದರೆ ಇಂಟರ್‌ನೆಟ್ಟಿನ ಹೆಸರು, ತಗೊಂಡರು: 'ಈಶಪ್ಪಮಾಸ್ತರ ಡಾಟ್ ಇನ್'. ಫೋಟೋ ಯಾರಾದರೂ ಕದಿಯಬಹುದು, ಸಿಮ್ ಯಾರಾದರೂ ಕೊಳ್ಳಬಹುದು. ಈ ಹೆಸರು ಮಾತ್ರ ಜಗತ್ತಿಗೆಲ್ಲ ಒಂದೇ. ಹೊಸ ಮೆಸೇಜ್ ಆಪಿನಲ್ಲಿ ಅದೇ ಅವರ ಗುರುತು. ಮೆಸೇಜಿನ ನೆತ್ತಿಯ ಮೇಲೆ ಆ ಹೆಸರಿದ್ದರೆ ಅದು ಅವರದೇ. ನಡುವೆ ಯಾರೂ ಓದಲಾರರು, ಯಾರೂ ತಿದ್ದಲಾರರು.

"ಈ ಹೆಸರಿಂದ ಬಂದ್ರ ಮಾತ್ರ ನಂಬ್ರಿ," ಎಂದು ಸಭೆಯಲ್ಲಿ ಗುಡುಗಿದರು. "ನಾನಽ ಎದುರಿಗೆ ನಿಂತು ಬಾಯಿಲೆ ಹೇಳಿದ್ರೂ ನಂಬಬ್ಯಾಡ್ರಿ!"

ಹೇಳಿ ಸುಮ್ಮನಿದ್ದರೆ ಮಾಸ್ತರರು ಹೇಗಾದಾರು? ಪಾಠ ಮಾಡಿದ ಮೇಲೆ ಪರೀಕ್ಷೆ ಆಗಬೇಕಲ್ಲ. ಒಂದು ಮಧ್ಯಾಹ್ನ ಏದುಸಿರು ಬಿಡುತ್ತ ಬಂದು, "ನೀರು ಬಂತು, ಓಡ್ರಿ!" ಎಂದು ಕೂಗಿದರು. ಪಾಪ, ಅದೇ ತೂಬಿನ ರೈತ ಮರಿಲಿಂಗಪ್ಪ ಸಲಿಕೆ ಹಿಡಿದು ಓಡಿದ. ಮುಂದಿನ ಸಭೆಯಲ್ಲಿ ಮೊಮ್ಮಕ್ಕಳಿದ್ದ ಆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿ ಕಿವಿ ಹಿಡಿಸಿದರು. ಅಂದಿನಿಂದ ಊರು ಬುದ್ಧಿ ಕಲಿಯಿತು.

ಈಗ ಗುರುವಾರಕ್ಕೆ ಬರೋಣ. ಕಚೇರಿಯಲ್ಲಿ ಇಂಜಿನಿಯರ್ ಖುದ್ದಾಗಿ ಹೇಳಿದ್ದರು: "ಮಾಸ್ತರ, ಇವತ್ತು ಮೂರು ಗಂಟಿಗೆ ನಿಮ್ಮ ತೂಬಿಗೆ ನೀರು ಬಿಡ್ತೀವಿ. ಕಾಯ್ದೆ ಗೊತ್ತದಲ್ಲ, ಹತ್ತು ಮಂದಿ ಹೊಲದವ್ರು ನಿಂತು ಸಹಿ ಮಾಡ್ಬೇಕು. ಇಲ್ಲಂದ್ರ ಮುಂದಿನ ಊರಿಗೆ. ಇದಽ ಕಡೀ ನೀರು, ಮತ್ತ ಮಳಿಗಾಲದಾಗಽ."

ಮಾಸ್ತರರ ಒಂದೂವರೆ ಎಕರೆ ಮೆಣಸಿನಗಿಡ ಕಾಯಿ ಕಟ್ಟಿ ನಿಂತಿತ್ತು. ಒಂದು ನೀರು ಸಿಕ್ಕರೆ ಬೆಳೆ, ಇಲ್ಲದಿದ್ದರೆ ಒಲೆಗೆ ಕಟ್ಟಿಗೆ. ಊರಿನ ಉಳಿದವರದೂ ಅದೇ ಪಾಡು. ಅಲ್ಲೇ ನಿಂತು ಮೆಸೇಜ್ ಬರೆದು ಒತ್ತಿದರು. ಹೋಗಲಿಲ್ಲ. 'ಈ ಹೆಸರಿನ ಅವಧಿ ಮುಗಿದಿದೆ' ಎಂದು ಬಂತು.

ಹೆಸರಿಗೆ ವರ್ಷವರ್ಷ ದುಡ್ಡು ಕಟ್ಟಬೇಕೆಂಬುದು ಗೊತ್ತಿರಲಿಲ್ಲ ಎಂದಲ್ಲ. 'ನಿಮ್ಮ ಹೆಸರು ಮುಗಿಯಲಿದೆ, ಕೂಡಲೇ ಹಣ ಕಟ್ಟಿ' ಎಂದು ನಾಲ್ಕು ಸಲ ಪತ್ರ ಬಂದಿತ್ತು. ನಾಲ್ಕನ್ನೂ ಮಾಸ್ತರರು ಸಭೆಯಲ್ಲಿ ಗಟ್ಟಿಯಾಗಿ ಓದಿ, "ನೋಡ್ರಿ, ಮೋಸಗಾರ್ರ ಪತ್ರ ಹಿಂಗಿರ್ತಾವ," ಎಂದು ಪಾಠ ಮಾಡಿದ್ದರು. ಮಂದಿ ಚಪ್ಪಾಳೆ ತಟ್ಟಿದ್ದರು.

ಕಂಪ್ಯೂಟರ್ ಅಂಗಡಿಗೆ ಓಡಿದರು. ಈಗ ದುಡ್ಡು ಕಟ್ಟುತ್ತೇನೆಂದರೆ ಕಂಪ್ಯೂಟರು ಗುಟ್ಟಿನ ಸಂಖ್ಯೆ ಕೊಡು ಎನ್ನುತ್ತದೆ. ಆ ಸಂಖ್ಯೆ ಬರುವುದು ಮಾಸ್ತರರ ಈ-ಮೇಲಿಗೆ. ಆ ಈ-ಮೇಲ್ ಇರುವುದು ಅದೇ ಮುಗಿದ ಹೆಸರಿನಲ್ಲಿ! ಕೀಲಿಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು. ಅಂಗಡಿಯವನು ಎಂಟು ದಿನವಾದರೂ ಬೇಕು ಎಂದ.

ಮನೆಗೆ ಬಂದು ಹೆಂಡತಿ ದೇವಕಮ್ಮನ ಮುಂದೆ ಕುಸಿದು ಕೂತರು. "ನನ್ನ ಹೆಸರಽ ಹೋತು."

"ಹೆಸರು ಹೋಗೂವಂಥಾದ್ದು ಏನು ಮಾಡಿ ಬಂದೀರಿ?" ಎಂದು ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಸಂಗತಿ ಕೇಳಿ, "ಹೋಗಿ ಬಾಯಿಲೆ ಹೇಳ್ರಿ. ದೇವ್ರು ಬಾಯಿ ಅದಕ್ಕಽ ಕೊಟ್ಟಾನ," ಎಂದಳು.

ಮಾಸ್ತರರು ಮಲ್ಲಣ್ಣನ ಚಹಾದ ಹೋಟೆಲಿಗೆ ಓಡಿದರು. ಆ ತೂಬಿಗೆ ಮಾಸ್ತರರನ್ನು ಬಿಟ್ಟರೆ ಸರಿಯಾಗಿ ಹತ್ತು ಮಂದಿ ಹೊಲದವರು. ಮಲ್ಲಣ್ಣನೂ ಸೇರಿ ಹತ್ತೂ ಮಂದಿ ಅಲ್ಲೇ ಇದ್ದರು. ಆ ಬಿಸಿಲಲ್ಲಿ ಮತ್ತೆಲ್ಲಿಗೆ ಹೋಗುತ್ತಾರೆ.

"ಏಳ್ರಿ, ಏಳ್ರಿ! ಮೂರಕ್ಕ ನೀರು ಬರ್ತದ!"

ಯಾರೂ ಏಳಲಿಲ್ಲ. ಮಲ್ಲಣ್ಣ ಮೊಬೈಲ್ ತೆಗೆದು ನೋಡಿದ. "ಮೆಸೇಜ್ ಬಂದಿಲ್ಲಲ್ರಿ."

"ಹೆಸರು ಮುಗದದೋ ಮಾರಾಯಾ. ಅದಕ್ಕ ನಾನಽ ಬಂದೀನಿ."

"ಈ ಸಲ ಪರೀಕ್ಷಾ ಭಾಳ ಬಿರುಸು ಇಟ್ಟೀರಿ," ಎಂದು ಮಲ್ಲಣ್ಣ ಹಲ್ಲು ಕಿಸಿದ. ಮರಿಲಿಂಗಪ್ಪನಂತೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ನಾ ಓಡಾಂಗಿಲ್ರಿ ಸರ್. ಒಮ್ಮಿ ಓಡಿ ಮರ್ಯಾದಿ ಕಳಕೊಂಡೀನಿ."

"ಇಂಜಿನಿಯರ್‌ಗೆ ಫೋನ್ ಹಚ್ಚಿ ಕೊಡ್ತೀನಿ, ನೀವಽ ಕೇಳ್ರಿ!"

"ಆ ಕಡೆ ಎತ್ತಿದಾಂವ ಇಂಜಿನಿಯರಽ ಅಂತ ಏನು ಗ್ಯಾರಂಟಿ?" ಎಂದ ಮಲ್ಲಣ್ಣ. ಅದೂ ಮಾಸ್ತರರೇ ಕಲಿಸಿದ್ದ ಪಾಠ. ಇಷ್ಟು ಚೆನ್ನಾಗಿ ಕಲಿತ ಮಕ್ಕಳು ಮೂವತ್ತು ವರ್ಷದ ನೌಕರಿಯಲ್ಲಿ ಅವರಿಗೆ ಒಬ್ಬರೂ ಸಿಕ್ಕಿರಲಿಲ್ಲ.

ಗಂಟೆ ಎರಡಾಯಿತು. ಮಾಸ್ತರರು ಕೈ ಮುಗಿದರು, ಮೌನೇಶ್ವರನ ಮೇಲೆ ಆಣೆ ಇಟ್ಟರು, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡರು. "ನಾಟಕದಾಗ ಪಾರ್ಟ್ ಮಾಡಿದ್ರ ಚೊಲೋ ಇತ್ತು ನೋಡ," ಎಂದು ಯಾರೋ ಮೆಚ್ಚಿದರು.

ಆಗ ಮೂಲೆಯಲ್ಲಿ ಕೂತಿದ್ದ ಮುದುಕಿ ಭೀಮವ್ವ ಎಲೆ-ಅಡಿಕೆ ಚೀಲ ಕಟ್ಟಿದಳು. "ಈಶಪ್ಪ, ಒಂದು ಮಾತು. ಪರೀಕ್ಷಾ ಮಾಡಾಕ ಬಂದಾಂವ ತನ್ನ ಮಾನ ತಾನು ಕಳಕೊಳ್ಳಾಂಗಿಲ್ಲ. ನಿನಗ ಹೇಳಾಕ ನಾಚಿಕಿ ಆಗೂವಂಥಾದ್ದು ಒಂದು ಖರೇ ಹೇಳು. ಆಗ ನಂಬತೀವಿ."

ಎಲ್ಲರಿಗೂ ಸರಿ ಅನ್ನಿಸಿತು. ಮಾಸ್ತರರು ಬೆವರು ಒರೆಸಿಕೊಂಡರು. "ನನ್ನ ಮೀಸಿ ಬೆಳ್ಳಗಾಗ್ಯಾವ. ಬಣ್ಣ ಹಚ್ಚತೀನಿ."

"ಅದು ಕೂಸಿಗೂ ಗೊತ್ತದ," ಎಂದಳು ಭೀಮವ್ವ.

"ಮ್ಯಾಟ್ರಿಕ್ ಎರಡು ಸಲ ಫೇಲಾಗೀನಿ."

"ಮೂರು," ಎಂದ ಮಲ್ಲಣ್ಣ.

"ದೇವಕಿಗೆ ಅಂಜತೀನಿ!"

ಹೋಟೆಲ್ ಹಾರುವಂತೆ ನಕ್ಕರು. ಗಡಿಯಾರ ಎರಡೂವರೆ ತೋರಿಸಿತು. ಕಣ್ಣ ಮುಂದೆ ಮೆಣಸಿನ ಹೊಲ ಒಣಗಿ ನಿಂತಂತಾಯಿತು. ಆಗ ಮಾಸ್ತರರು, ಸಾಯುವತನಕ ಹೇಳಬಾರದೆಂದು ಎದೆಯ ತಳದಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದರು.

"ಆರು ವರ್ಷದ ಹಿಂದ ಮರಿಲಿಂಗಪ್ಪನ ಪಾಳಿ ನೀರು ಕಳುವಾಗಿತ್ತಲ್ಲ. ತೂಬು ತಿರುವಿ ನನ್ನ ಹೊಲಕ್ಕ ಬಿಟ್ಕೊಂಡಾಂವ ನಾನು. ಮಸ್ತಾನಸಾಬ ಅಲ್ಲ."

ನಗು ನಿಂತಿತು. ಆಗ ಗೇಟು ಕಾಯುತ್ತಿದ್ದವನು ಮಸ್ತಾನಸಾಬ. ಲಂಚ ತಿಂದು ನೀರು ಮಾರಿದ ಎಂದು ಪಂಚಾಯ್ತಿ ಅವನ ಮೇಲೆ ಹೊರಿಸಿತ್ತು, ಅವನ ಕೆಲಸ ಹೋಗಿತ್ತು. ಮರಿಲಿಂಗಪ್ಪನ ಭತ್ತ ನೆಲ ಕಚ್ಚಿತ್ತು, ಅವನು ಆ ವರ್ಷ ಎತ್ತು ಮಾರಿದ್ದ. ಅಂದು ಪಂಚಾಯ್ತಿ ಕಟ್ಟೆಯ ಮೇಲೆ ಮಾಸ್ತರರೂ ಕೂತಿದ್ದರು. ಬಾಯಿ ಬಿಟ್ಟಿರಲಿಲ್ಲ.

ಆ ಹತ್ತು ಮಂದಿಯಲ್ಲಿ ಅರ್ಧ ಎಕರೆಯ ಮಸ್ತಾನಸಾಬನೂ ಒಬ್ಬ. ಅವನು ಬಯ್ಯಲಿಲ್ಲ. ಅರ್ಧ ಕುಡಿದ ಚಹಾ ಕೆಳಗಿಟ್ಟ. "ಆರು ವರ್ಷ ಆತಲ್ರಿ ಮಾಸ್ತರ," ಎಂದ. "ನನ್ನ ಹೇಣ್ತಿ ಅಖ್ತರಬೇಗಂ ಸೈತ ನನ್ನ ಮಾತು ನಂಬಿದ್ದಿಲ್ಲ." ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದುಬಿಟ್ಟ. ಅವನ ಹಿಂದೆ ಓಡಿ ಕಾಲು ಹಿಡಿಯಬೇಕು ಎಂದು ಮಾಸ್ತರರಿಗೆ ಅನ್ನಿಸಿತು. ಗಡಿಯಾರ ನೋಡಿ ನಿಂತರು. ಆಮೇಲೆ ಬಹಳ ದಿನ ಅವರನ್ನು ಕೊರೆದದ್ದು ಹಾಗೆ ಗಡಿಯಾರ ನೋಡಿದ್ದೇ.

ಮರಿಲಿಂಗಪ್ಪ ಮೆಲ್ಲಗೆ ಎದ್ದ. "ಈಗ ನಂಬಿಕಿ ಬಂತು ನೋಡ್ರೋ. ನಡೀರಿ, ಸಲಿಕಿ ತಗೋರಿ."

ಮೂರಕ್ಕೆ ಐದು ನಿಮಿಷ ಇದ್ದಾಗ ಎಲ್ಲರೂ ತೂಬಿನ ಮುಂದಿದ್ದರು. ಈಗ ಗೇಟು ನೋಡಿಕೊಳ್ಳುವ ಸುಲ್ತಾನಸಾಬ ಸುರಪುರದ ಕಡೆಯವನು, ಹೊಸಬ. ಅವನು ಕೊಟ್ಟ ಕಾಗದದ ಮೇಲೆ ಭೀಮವ್ವ ಹೇಳಿದಳು, ಮಲ್ಲಣ್ಣ ಬರೆದ: 'ಇಂದಿನ ನೀರು ಎಲ್ಲರ ಹೊಲಕ್ಕೆ. ಈಶಪ್ಪನ ಪಾಳಿ ಮಾತ್ರ ಮರಿಲಿಂಗಪ್ಪನಿಗೆ, ಆರು ವರ್ಷದ ಹಿಂದಿನ ಬದಲಿಗೆ.' ಒಬ್ಬೊಬ್ಬರೇ ಸಹಿ ಮಾಡಿದರು, ಭೀಮವ್ವ ಹೆಬ್ಬೆಟ್ಟು ಒತ್ತಿದಳು.

ಸುಲ್ತಾನಸಾಬ ಎಣಿಸಿದ. "ಒಂಬತ್ತಽ ಅವ. ಹತ್ತಾಗ್ಲಿಲ್ಲಂದ್ರ ನಾ ಗೇಟು ತೆಗ್ಯಾಂಗಿಲ್ರಿ. ನೀರು ಮುಂದಿನ ಊರಿಗೆ."

ಮಸ್ತಾನಸಾಬ ಬರುವ ಹಾಗಿರಲಿಲ್ಲ. ಒಂಬತ್ತು ಜೋಡಿ ಕಣ್ಣು ಮಾಸ್ತರರ ಕಡೆ ತಿರುಗಿದವು. ಮಾಸ್ತರರು ಕಾಗದವನ್ನು ಎರಡು ಸಲ ಓದಿ, ಕೈ ಚಾಚಿ ಪೆನ್ನು ಇಸಿದುಕೊಂಡರು.

"ತಡೀರಿ," ಎಂದು ಸುಲ್ತಾನಸಾಬ ಅಡ್ಡ ಬಂದ. "ನಾ ಹೊಸಬ. ಇವ್ರು ಖರೇನಽ ಈಶಪ್ಪ ಅನ್ನಾಕ ಗುರುತಿನ ಕಾರ್ಡು ಏನರೆ ಅದ ಏನು?"

"ಏನೂ ಬ್ಯಾಡೋ ತಮ್ಮಾ," ಎಂದ ಮರಿಲಿಂಗಪ್ಪ. "ಇಂವ ಯಾರಂತ ನಮಗ ಚೊಲೋ ಗೊತ್ತದ."

ಉಳಿದ ಎಂಟು ಮಂದಿಯೂ ಹೌದೆಂದು ತಲೆಯಾಡಿಸಿದರು. ಮಾಸ್ತರರು ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಗೇಟು ಎದ್ದಿತು.