ಮಾವನ ಕ್ಯಾಸೆಟ್ಟಿಗೆ ಎರಡೇ ರಾಗ

ಬೈಲಹೊಂಗಲದ ನನ್ನ ಸೋದರಮಾವನ ಮನೆಯಲ್ಲಿ ಸೀನುವುದು ಅಪರಾಧವಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ರೇಡಿಯೋದಲ್ಲಿ ಸಂಗೀತ ಶುರುವಾಯಿತೋ, ಮಾವ ಅದರೆದುರು ಟೇಪ್ ರೆಕಾರ್ಡರ್ ಇಟ್ಟು, ಗುಂಡಿ ಒತ್ತಿ, ಮನೆಮಂದಿಗೆಲ್ಲ ಬಾಯಿ ಮೇಲೆ ಬೆರಳಿಟ್ಟು ತೋರಿಸುವರು. ಅರ್ಧ ಗಂಟೆಗಿಂತ ಚಿಕ್ಕದನ್ನು ಅವರು ರಾಗವೆಂದೇ ಒಪ್ಪುತ್ತಿರಲಿಲ್ಲ. ಅಷ್ಟು ಹೊತ್ತೂ ನೆಂಟರು ಕೆಮ್ಮು ನುಂಗಬೇಕು, ಕೂಸುಗಳು ಅಳು ನುಂಗಬೇಕು! ನಶ್ಯದ ಚಟವಿದ್ದ ಸವದತ್ತಿಯ ಬೀಗರೊಬ್ಬರು ಒಳಗೆ ಬರುವ ಧೈರ್ಯವಾಗದೆ ಕಟ್ಟೆಯ ಮೇಲೇ ಕೂತು, ಹಾಗೇ ಬಸ್ಸಿಗೆ ಹೋದದ್ದುಂಟು.

ಎಪ್ಪತ್ತರ ದಶಕದ ಕೊನೆಗೆ ಅತ್ತೆ ತೀರಿಕೊಂಡರು. ಕೆಲವು ತಿಂಗಳಿಗೆ ರಾಮದುರ್ಗದ ನಮ್ಮ ಮನೆಗೆ ಸುದ್ದಿ ಬಂತು: ಹಾಲು ಹಾಕುವ ನೀಲವ್ವ ಮಾವನ ಹೊಸ್ತಿಲು ತುಳಿಯಲು ಹೆದರುತ್ತಿದ್ದಾಳಂತೆ. ಅವ್ವ ಗಾಬರಿಯಾದಳು. "ಅಣ್ಣ ಉಣ್ಣತಾನೋ ಇಲ್ಲೋ ನೋಡು. ತಲಿ ಕೆಟ್ಟಿದ್ರ ಇಲ್ಲಿಗೇ ಕರ್ಕೊಂಡ ಬಾ" ಎಂದು ನನ್ನನ್ನು ಬಸ್ಸು ಹತ್ತಿಸಿದಳು.

ನೀಲವ್ವ ಓಣಿಯಲ್ಲೇ ಸಿಕ್ಕಳು. "ಒಲಿ ಹೊತ್ತಿರೂದಿಲ್ರಿ, ಹೊಗಿ ಇರೂದಿಲ್ರಿ. ಆದ್ರ ಮಧ್ಯಾಹ್ನ ಆತಂದ್ರ ಒಳಗ ನಿಮ್ಮತ್ತಿಯವ್ರು ರೊಟ್ಟಿ ಬಡಿತಾರ್ರಿ."

ನಾನು ನಕ್ಕೆ. ಬಿ.ಎ. ಓದಿದವನಲ್ಲವೇ!

ಮಾವ ಪಡಸಾಲೆಯಲ್ಲಿ ಕ್ಯಾಸೆಟ್ಟು ಹರವಿಕೊಂಡು ಕೂತಿದ್ದರು. "ಚೊಲೋ ಆತು ಬಂದಿ. ಇಷ್ಟರಾಗ ಎರಡು ರಾಗ ಆರಿಸಿ ಹೊಸಾ ಕ್ಯಾಸೆಟ್ಟಿಗೆ ಹಾಕಬೇಕು. ಈ ಕಡಿ ಒಂದು, ಆ ಕಡಿ ಒಂದು." ಬುದ್ಧಿ ನೆಟ್ಟಗಿದೆ ಎನಿಸಿತು. ಆದರೆ ನೆರೆಮನೆಯವರು ಕೊಟ್ಟ ರೊಟ್ಟಿಯ ಬುಟ್ಟಿ ಮೂಲೆಯಲ್ಲಿ ಮುಚ್ಚಿದಂತೆಯೇ ಇತ್ತು. ನಾನು ಕಾಲು ತೊಳೆಯಲು ಹಿತ್ತಲಿಗೆ ಹೋದೆ.

ತಿರುಗಿ ಬರುವಾಗ ಪಡಸಾಲೆಯಿಂದ ಆಲಾಪ ಕೇಳುತ್ತಿತ್ತು. ಅದರ ಸಂಗಡ ತಟ್, ತಟ್, ತಟ್. ಬಡಿದು, ತಿರುವಿ, ಮತ್ತೆ ಬಡಿಯುವ ಅತ್ತೆಯದೇ ಕೈ; ನಡುವೆ ಬಳೆಯ ಸದ್ದು. ಅಡುಗೆಮನೆಯ ಬಾಗಿಲು ನೂಕಿದೆ. ತಣ್ಣನೆಯ ಬೂದಿ, ಗೋಡೆಗೆ ಒರಗಿಸಿದ ಹಂಚು. ಯಾರೂ ಇಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ. ನನ್ನ ಬಿ.ಎ. ಅಲ್ಲೇ ಬೆವರಿಹೋಯಿತು.

ಪಡಸಾಲೆಗೆ ಓಡಿ ಬಂದರೆ, ರೊಟ್ಟಿ ಬಡಿಯುತ್ತಿದ್ದುದು ಟೇಪಿನೊಳಗೆ! ರೇಡಿಯೋದೆದುರು ಇಟ್ಟ ಆ ಮಶೀನು ರಾಗದ ಜೊತೆಗೆ ಮನೆಯ ಸಪ್ಪಳವನ್ನೂ ಹಿಡಿದಿಟ್ಟಿತ್ತು. ಇಡೀ ಮನೆಯಲ್ಲಿ ಮಾವನ ಬೆರಳಿಗೆ ಹೆದರದವರು ಅತ್ತೆಯೊಬ್ಬರೇ.

ನಾನು ಸುಧಾರಿಸಿಕೊಂಡು, ಉಳಿದ ಕ್ಯಾಸೆಟ್ಟುಗಳನ್ನು ಹಾಕಿ ಕೇಳಿ, ಶುದ್ಧವಾದದ್ದೊಂದನ್ನು ಆರಿಸಿದೆ. "ಮಾವಾ, ಇದನ್ನ ಹಾಕೂಣ್ರಿ. ಒಂದೂ ಸಪ್ಪಳಿಲ್ಲ."

"ಬ್ಯಾಡ" ಎಂದರು ಮಾವ. "ಅವತ್ತ ನಿಮ್ಮತ್ತಿ ತವರಿಗೆ, ಸಂಗೊಳ್ಳಿಗೆ ಹೋಗಿದ್ಲು."

ಮತ್ತೆ ಮೊದಲಿನದನ್ನೇ ಹಚ್ಚಿದರು. ರಾಗ ಏರುವಷ್ಟರಲ್ಲಿ ರೊಟ್ಟಿ ನಿಂತಿತು. ಹಾಡುಗಾರನ ಮೇಲೆಯೇ ರೇಗಿದಂತೆ ಅತ್ತೆಯ ದನಿ ಬಂತು: "ಸಾಕ ಮಾಡ್ರಿನ್ನ. ರೊಟ್ಟಿ ಆರಿ ಹೋಗತಾವ, ಉಣ್ಣಾಕ ಏಳ್ರಿ."

"ಬಂದೆ" ಎಂದು ಮಾವ ಎದ್ದರು. ಕೈ ತೊಳೆದು ಬಂದು, ಬುಟ್ಟಿಯ ಬಟ್ಟೆ ಸರಿಸಿ, ರೊಟ್ಟಿ ಮುರಿದರು. ಇಷ್ಟು ದಿನವೂ ಅವರು ಹೀಗೆಯೇ ಉಂಡಿದ್ದರು.

ನಾನೂ ಪಕ್ಕದಲ್ಲಿ ಕೂತೆ. ಅಳು ಬಂತು. ಟೇಪು ಇನ್ನೂ ಓಡುತ್ತಿತ್ತು, ನುಂಗಿಕೊಂಡೆ.