ತಿಳಿ ನೀಲಿ ಗೋಡೆಗೊಂದು ಡ್ರಿಲ್ಲು

"ಈ ದೀಪಾವಳಿಗೆ ಮಾವನ ಮನೆಯಿಂದ ಉಡುಗೊರೆ ಇಸ್ಕೊಳ್ಳೋ ಅಳಿಯ ನಾನಲ್ಲ! ಕೊಡೋ ಅಳಿಯ!"

ಹೊನ್ನಾಳಿಯ ಬಟ್ಟೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಸೀರೆ ಬಿಚ್ಚಿ ತೋರಿಸುತ್ತಿರುವ ಕೊಟ್ರೇಶ್ ಹೀಗೊಂದು ಘೋಷಣೆ ಹೊರಡಿಸಿದಾಗ ಅವನ ಹೆಂಡತಿ ಶಿವಲೀಲಾ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಏನು ಕೊಡ್ತೀರಿ?"

"ಡ್ರಿಲ್ಲು! ವೈರಿಲ್ಲದ್ದು. ಬ್ಯಾಟರೀದು."

"ನಮ್ಮಪ್ಪಗೆ?"

"ಹೂಂ, ನಿಮ್ಮಪ್ಪಗೇ."

"ಸುಮ್ನೆ ಒಂದು ಪಂಚೆ ತಂದು ಕೊಡ್ರಿ. ನಿಮಗೆ ಗೊತ್ತಿರೋದು ಅದೇ."

ಆಹಾ! ಅದೇ ಮಾತು ಕೊಟ್ರೇಶನ ಎದೆಗೆ ನಾಟಿದ್ದು. ಯಾಕೆಂದರೆ ಅವನ ಮಾವ ಪಂಚಾಕ್ಷರಪ್ಪ ಸಾಮಾನ್ಯ ಮನುಷ್ಯನಲ್ಲ. ನ್ಯಾಮತಿಯಲ್ಲಿ ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದ ಆಸಾಮಿ. ಮಾತು ಕಮ್ಮಿ, ಕೈ ಜೋರು. ಮದುವೆಯಾದ ಈ ಎಂಟು ತಿಂಗಳಲ್ಲಿ ಕೊಟ್ರೇಶ್ ಆ ಮನೆಯ ನಲ್ಲಿಗೆ ಕೈ ಹಾಕಿದ, ಮಾವ ಬಂದು "ಬಿಡ್ರಿ" ಅಂದರು. ಅಲ್ಲಾಡುವ ಸ್ಟೂಲಿಗೆ ಕೈ ಹಾಕಿದ, "ಬಿಡ್ರಿ." ಕೊನೆಗೆ ಟಾರ್ಚಿಗೆ ಸೆಲ್ಲು ಹಾಕಲು ಹೋದಾಗಲೂ "ಬಿಡ್ರಿ"! ಬೈದಿದ್ದರೆ ಬೇಜಾರಿರುತ್ತಿರಲಿಲ್ಲ. ಮೆತ್ತಗೆ, ಮರ್ಯಾದೆಯಿಂದ, ಕೈಯಲ್ಲಿದ್ದುದನ್ನು ಇಸಿದುಕೊಂಡುಬಿಡುತ್ತಿದ್ದರು. ಅಳಿಯ ಕೆಲಸಕ್ಕೆ ಬರುವ ಗಂಡಸು ಅಂತ ಮಾವನ ಮನಸ್ಸಿಗೆ ಒಂದೇ ಒಂದು ಸಲ ಅನ್ನಿಸಬೇಕು. ಕೊಟ್ರೇಶನಿಗೆ ಬೇಕಾಗಿದ್ದು ಅಷ್ಟೇ.

ಅವಕಾಶವೂ ತಾನಾಗಿ ಬಂತು. ತೀರಿಹೋದ ಬೆನಕಪ್ಪಜ್ಜನ, ಅಂದರೆ ಮಾವನ ಅಪ್ಪನ, ಫೋಟೋಕ್ಕೆ ಹೊಸ ಕಟ್ಟು ಹಾಕಿಸಿದ್ದರು. ಬಾಗಿಲಿನಷ್ಟು ಅಗಲದ ಕಟ್ಟು! ಹಬ್ಬದ ದಿನ ಅದನ್ನು ನಡುಮನೆ ಗೋಡೆಗೆ ಹಾಕಿ, ಹಿರಿಯರಿಗೆ ಎಡೆ ಇಡಬೇಕು ಅಂತ ಮಾವನ ಆಸೆ. ಕೊಟ್ರೇಶ್ ಫೋನಿನಲ್ಲೇ ಹಾರಿದ.

"ಮಾವಾ, ನೀವು ಕೈ ಹಚ್ಚಬ್ಯಾಡ್ರಿ! ನಾನು ಬಂದು ಐದೇ ನಿಮಿಷದಾಗೆ ನೇತು ಹಾಕ್ತೀನಿ!"

ಆ ಕಡೆಯಿಂದ "ಹೂಂ" ಅಂತ ಬಂತು. ಆ ಹೂಂಕಾರದ ಹಿಂದೆ ಶಿವಲೀಲಾಳ ಪಂಚಾಯ್ತಿ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು. ಅವಳು ಮೊದಲೇ ಅಪ್ಪನಿಗೆ ಫೋನ್ ಮಾಡಿ, "ಈ ಒಂದ್ಸಲ ಅವರ ಕೈಯಾಗಿಂದು ಕಿತ್ಕೋಬ್ಯಾಡಪ್ಪ, ನನ್ನಾಣೆ" ಅಂದಿದ್ದಳು!

ಸರಿ, ಕೊಟ್ರೇಶ್ ಹಾಲೇಶಪ್ಪನ ಹಾರ್ಡ್‌ವೇರ್ ಅಂಗಡಿಗೆ ದಂಡೆತ್ತಿ ಹೋದ.

"ಯಾವ ಗೋಡೆಗಪ್ಪ?" ಅಂದರು ಹಾಲೇಶಪ್ಪ.

"ತಿಳಿ ನೀಲಿ ಗೋಡೆಗೆ."

"ಬಣ್ಣ ಕೇಳಲಿಲ್ಲಪ್ಪ ನಾನು. ಒಳಗೇನೈತೆ?"

"ಒಳಗೆ ನಮ್ಮ ಅತ್ತೆ ಮಾವ ಅದಾರೆ."

ಹಾಲೇಶಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಎರಡು ಡ್ರಿಲ್ಲು ಮುಂದಿಟ್ಟರು. ಒಂದು ಕರ್ರಗೆ, ಕುಳ್ಳಗೆ, ಎಮ್ಮೆಕರುವಿನಂತೆ ತೂಕವಾಗಿತ್ತು. ಇನ್ನೊಂದು ತೆಳ್ಳಗೆ, ಬಳುಕುವಂತಿತ್ತು.

"ಈ ಕರೇದು ಸುತ್ತೋದು ಅಷ್ಟೇ ಅಲ್ಲ, ಒಳಗಿಂದ ಗುದ್ದುತ್ತೆ. ಕಲ್ಲಿನ ಗೋಡೆಗೆ ಇದೇ ಆಗಬೇಕು. ಇನ್ನೊಂದು ಬರೇ ಸುತ್ತುತ್ತೆ. ಮರ ಗಿರ, ಸ್ಕ್ರೂ ಬಿಗಿಯಾಕೆ ಸಾಕು."

ಹನ್ನೊಂದು ವರ್ಷದ ಅನುಭವ ಸುಮ್ಮನಿರುತ್ತದೆಯೇ? ಕೊಟ್ರೇಶ್ ಎರಡನ್ನೂ ಅಂಗೈಯಲ್ಲಿ ತೂಗಿದ. ಬೆರಳಿನಿಂದ ಸವರಿದ. ಸೀರೆ ಕೊಳ್ಳುವ ಹೆಂಗಸರು ಮಾಡುವ ಹಾಗೆ ಅಂಗಡಿ ಹೊರಗೆ ಬಿಸಿಲಿಗೆ ಹಿಡಿದು ನೋಡಿದ. ಕರೇದು ಹಬ್ಬಕ್ಕೆ ಶೋಭೆಯಲ್ಲ! ಭಾರವಾದ ಮಾಲನ್ನು ಗಿರಾಕಿ ಮೂರೇ ದಿನಕ್ಕೆ ವಾಪಸ್ ತರುತ್ತಾರೆ! ಮೇಲಾಗಿ, ಉಡುಗೊರೆ ಕೊಡುವ ಸಾಮಾನು ಮನೆಯೊಳಗೆ ಹೋಗಿ ಗುದ್ದುವುದೆಂದರೇನು?

"ತೆಳ್ಳಂದ್ರಾಗೆ ಬಾಟಲ್ ಗ್ರೀನ್ ಐತಾ? ಅಂಚು ಕಿತ್ತಳೆ ಇರ್ಲಿ."

"ಐತೆ," ಅಂದರು ಹಾಲೇಶಪ್ಪ, ಸೋತ ದನಿಯಲ್ಲಿ. "ಒಗೆದ್ರೂ ಬಣ್ಣ ಹೋಗಲ್ಲ. ತಗಂಡು ಹೋಗಪ್ಪ."

ಹಬ್ಬದ ದಿನ ಹನ್ನೊಂದೂವರೆಗೆ ಕೊಟ್ರೇಶ ದಂಪತಿ ನ್ಯಾಮತಿ ತಲುಪಿದಾಗ ಮನೆಯಲ್ಲಿ ಒಬ್ಬರೂ ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಹಿರಿಯರಿಗೆ ಎಡೆ ಇಟ್ಟ ಮೇಲೇ ಮನೆಮಂದಿಗೆ ಊಟ. ಅಡುಗೆಮನೆ ಬಾಗಿಲಲ್ಲಿ ಹೋಳಿಗೆ ಬುಟ್ಟಿ ತುಂಬಿ ಘಮ್ಮೆನ್ನುತ್ತಿತ್ತು. ಸಾಸ್ವೆಹಳ್ಳಿಯಿಂದ ಬಂದಿದ್ದ ಮಾವನ ಅಕ್ಕ ತಿಪ್ಪಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಹನ್ನೆರಡೂವರೆಯೊಳಗೆ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗುತ್ತದೆ.

ಮಾವ ಡ್ರಿಲ್ಲಿನ ಡಬ್ಬಿ ತೆರೆದು, ಹಸಿರು ಮಿಷನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮಗಳ ಮುಖ ನೋಡಿದರು. ಮುಚ್ಚಿದರು.

"ಹಬ್ಬದ ದಿನ ಬಂದ ಕಬ್ಬಿಣ! ಪೂಜೆ ಮಾಡದೆ ಮುಟ್ಟಂಗಿಲ್ಲ," ಅಂತ ಅತ್ತೆ ದ್ಯಾಮಮ್ಮ ಡ್ರಿಲ್ಲನ್ನು ಎತ್ತಿಕೊಂಡೇ ಹೋದರು. ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮ, ಕತ್ತಿಗೆ ಚೆಂಡುಹೂವಿನ ಹಾರ! ಶಾಸ್ತ್ರ ಮುಗಿದು ಅದು ಕೊಟ್ರೇಶನ ಕೈಗೆ ಬರುವಾಗ ಹನ್ನೆರಡು ಹೊಡೆದಿತ್ತು.

"ಹಾರ ತೆಗೀಲಾ ಅತ್ತೇ?"

"ಅಯ್ಯೋ, ಮೊದ್ಲ ತೂತು ಬೀಳೋ ತನಕ ತೆಗೀಬಾರ್ದಪ್ಪ!"

ಕೊಟ್ರೇಶ್ ಸ್ಟೂಲ್ ಹತ್ತಿದ. ಕೆಳಗೆ ಇಡೀ ಮನೆ ಕತ್ತೆತ್ತಿ ನಿಂತಿತ್ತು. ಬೆನಕಪ್ಪಜ್ಜ ರುಮಾಲು ಸುತ್ತಿಕೊಂಡು ಕಟ್ಟಿನೊಳಗಿಂದ ದುರುಗುಟ್ಟುತ್ತಿದ್ದರು. ಗುಂಡಿ ಒತ್ತಿದ. ಗಿರ್ರ್ರ್! ನೀಲಿ ಬಣ್ಣ ಬಿತ್ತು, ಸುಣ್ಣ ಬಿತ್ತು, ಮಣ್ಣಿನ ಗಾರೆ ಬೆಣ್ಣೆಯಂತೆ ಬಿತ್ತು. ಕೊಟ್ರೇಶ್ ತಿರುಗಿ ಮಾವನ ಕಡೆ ವಿಜಯದ ನಗೆ ಬೀರಿದ.

ಆಗಲೇ ಡ್ರಿಲ್ಲು ನಿಂತಲ್ಲೇ ಕಿರುಗುಟ್ಟತೊಡಗಿತು.

"ಅಲ್ಲಿ ಕಲ್ಲೈತೆ," ಅಂದರು ಮಾವ, ಗೋಡೆಗೆ ಹೇಳುವಂತೆ.

"ಮಿಷನ್ನಿಗೆ ಕಲ್ಲೇನು ಮಾವಾ!" ಅಂತ ಕೊಟ್ರೇಶ್ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಮೊನೆ ಕಲ್ಲಿನ ಮೇಲೆ ಸರ್ರನೆ ಜಾರಿತು. ಅದರೊಂದಿಗೆ ಹಾರವೂ ಸುತ್ತಿಕೊಂಡಿತು! ಚೆಂಡುಹೂಗಳು ಪಟಾಕಿಯಂತೆ ಸಿಡಿದವು. ಒಂದು ತಿಪ್ಪಮ್ಮನ ಮಡಿಲಿಗೆ, ಒಂದು ಹೋಳಿಗೆ ಬುಟ್ಟಿಗೆ, ಒಂದು ಅಜ್ಜನ ಗಾಜಿಗೆ ಟಪ್ಪನೆ!

"ಅಜ್ಜ ಕಣ್ಣು ಮಿಟುಕಿಸಿದ್ರು!" ಅಂದರು ದ್ಯಾಮಮ್ಮ.

"ಎರಡು ಇಂಚು ಪಕ್ಕಕ್ಕೆ ಹಾಕಿ ನೋಡ್ತೀನಿ," ಅಂದ ಕೊಟ್ರೇಶ್. ಅಲ್ಲೂ ಕಲ್ಲು. ಮತ್ತೆ ಎರಡಿಂಚು. ಅಲ್ಲೂ ಕಲ್ಲು. ಇಡೀ ಗೋಡೆಯೇ ಕಲ್ಲಿನದು, ಮೇಲಿನದು ಬರೀ ಮಣ್ಣಿನ ಪದರ ಅನ್ನುವ ಜ್ಞಾನೋದಯ ನಾಲ್ಕನೇ ತೂತಿಗೆ ಆಯಿತು. ಆದರೆ ಅಷ್ಟರಲ್ಲಿ ನಾಲ್ಕೂ ತೂತುಗಳು ಒಂದಕ್ಕೊಂದು ಕೈ ಕೈ ಹಿಡಿದುಕೊಂಡು, ಧಡ್ ಅಂತ ಊಟದ ತಟ್ಟೆಯಷ್ಟು ಅಗಲದ ಗಾರೆಯ ಹಪ್ಪಳವನ್ನು ನೆಲಕ್ಕೆ ಕೆಡವಿದವು!

ಗಡಿಯಾರದಲ್ಲಿ ಹನ್ನೆರಡು ಮುಕ್ಕಾಲು.

ಪಂಚಾಕ್ಷರಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಕೂತುಬಿಟ್ಟಿದ್ದರು. ಹಣೆಯ ನರ ಉಬ್ಬಿತ್ತು. ಮಗಳ ಆಣೆಯೊಂದು ಇರದಿದ್ದರೆ ಅವರು ಸ್ಟೂಲಿನ ಮೇಲಿರುತ್ತಿದ್ದರು, ಕೊಟ್ರೇಶ್ ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದ.

"ರೀ, ಇಳೀರಿ," ಅಂದಳು ಶಿವಲೀಲಾ ಹಲ್ಲು ಕಚ್ಚಿ.

"ಇನ್ನೊಂದೇ ಸಲ!"

"ತಿಪ್ಪಮ್ಮತ್ತೆ ಕೈ ನಡುಗಾಕೆ ಹತ್ತೈತೆ ಕಣ್ರೀ!"

ನಿಜ, ತಿಪ್ಪಮ್ಮನ ಕೈಯಲ್ಲಿದ್ದ ನೀರಿನ ಲೋಟ ಗಲಗಲ ಅನ್ನುತ್ತಿತ್ತು. ಕೊಟ್ರೇಶ್ ಬೆವರು ಒರೆಸಿಕೊಂಡು ಕೊನೆಯ ಸಲ ಗುಂಡಿ ಒತ್ತಿದ. ಗಿರ್ರ್… ಗಿ… ಗ್. ಬ್ಯಾಟರಿ ಖಾಲಿ! ಚಾರ್ಜಿಗೆ ಹಾಕಲು ಓಡಿದರೆ ಹಬ್ಬದ ದಿನವೇ ಕರೆಂಟು ಹೋಗಿತ್ತು!

ಆಗ ದ್ಯಾಮಮ್ಮ ಎದ್ದರು. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೋಡೆಗೆ ಒರಗಿಸಿ, ಅದರ ಮೇಲೆ ಬೆನಕಪ್ಪಜ್ಜನನ್ನು ಕೂರಿಸಿದರು.

"ಮಾವನೋರು ಬದುಕಿದ್ದಾಗ ಕುಂತೇ ಉಣ್ತಿದ್ರು. ಯಾರಾದ್ರೂ ಗೋಡೆಗೆ ಜೋತು ಬಿದ್ದು ಉಂಡಿದ್ದು ನೋಡೀರೇನು? ಎಲೆ ತರ್ರಿ!"

ಐದೇ ನಿಮಿಷ! ಎಡೆ ಆಯಿತು, ಆರತಿ ಆಯಿತು, ತಿಪ್ಪಮ್ಮನ ಬಾಯಿಗೆ ಅನ್ನ ಬಿತ್ತು. ಎಲ್ಲರೂ ಉಂಡರು. ಕೊಟ್ರೇಶ್ ಮಾತ್ರ ತೂತು ಬಿದ್ದ ಗೋಡೆಗೆ ಬೆನ್ನು ಹಾಕಿ ಕೂತು ಹೋಳಿಗೆ ಮುರಿದ. ಮಾವ ಇನ್ನು ಏನನ್ನುತ್ತಾರೋ? ಅದೇ ಭಯ.

ಊಟವಾದ ಮೇಲೆ, ಹಿರಿಯರ ಮುಂದೆ ಇಟ್ಟಿದ್ದ ಹೊಸ ಬಟ್ಟೆಗಳನ್ನು ಹಂಚುವ ಹೊತ್ತು. ಮಾವ ತಾವೇ ಒಂದು ಪೊಟ್ಟಣ ತಂದು ಅಳಿಯನ ಕೈಗಿಟ್ಟರು.

"ಶರ್ಟ್ ಪೀಸು. ನಾನೇ ಆರಿಸಿದ್ದು."

ಕೊಟ್ರೇಶ್ ಬಿಚ್ಚಿದ. ಬೆರಳು ತಾಗುತ್ತಲೇ ಅವನ ಹನ್ನೊಂದು ವರ್ಷ ಬೆಚ್ಚಿಬಿದ್ದವು. ಕಂದು ಬಣ್ಣ, ದೊಡ್ಡ ದೊಡ್ಡ ಎಲೆ, ಗೋಣಿಯಷ್ಟು ದಪ್ಪ. ಶರ್ಟಿನ ಬಟ್ಟೆಯೇ ಅಲ್ಲ. ಪರದೆ ಬಟ್ಟೆ!

"ಎಳೆದು ನೋಡ್ರಿ," ಅಂದರು ಮಾವ. ದನಿಯಲ್ಲಿ ಮೊದಲ ಸಲ ಸ್ವಲ್ಪ ಹುರುಪು. "ಹರಿಯಲ್ಲ. ಅಂಗಡೇಲಿ ನಾನು, ಅಂಗಡಿಯೋನು, ಇಬ್ರೂ ಆ ಕಡೆ ಈ ಕಡೆ ಹಿಡಿದು ಜಗ್ಗಿದ್ವಿ. ಬೆಲ್ಟಿನಂಗೈತೆ! ಹತ್ತು ವರ್ಷಕ್ಕೆ ಮೋಸ ಇಲ್ಲ."

ಅಂದರೆ ಮಾವ ಬಟ್ಟೆಯನ್ನು ಪಂಪ್‌ಸೆಟ್ ಬೆಲ್ಟು ಕೊಂಡ ಹಾಗೆ ಕೊಂಡಿದ್ದರು! ಕೊಟ್ರೇಶ್ ಬಾಯಿ ತೆರೆದ. ಹೇಳುವುದೋ, ಬಿಡುವುದೋ? ಅಷ್ಟರಲ್ಲಿ ದ್ಯಾಮಮ್ಮ ಬಟ್ಟೆಯ ತುದಿ ಹಿಡಿದು ಇಡೀ ನಡುಮನೆಗೆ ಕೇಳುವಂತೆ ಅಂದುಬಿಟ್ಟರು:

"ಇದು ಪರದೆ ಬಟ್ಟೆ ಅಲ್ವೇನ್ರೀ?"

ಪಂಚಾಕ್ಷರಪ್ಪನವರ ಮುಖ ಕಪ್ಪಿಟ್ಟಿತು. ಬಟ್ಟೆ ನೋಡಿದರು, ಅಳಿಯನನ್ನು ನೋಡಿದರು, ನೆಲ ನೋಡಿದರು. ಎಂಟು ತಿಂಗಳಲ್ಲಿ ಮಾವ ನೆಲ ನೋಡಿದ್ದು ಅದೇ ಮೊದಲು. ಶಿವಲೀಲಾ ಸೆರಗು ಬಾಯಿಗೆ ತುರುಕಿಕೊಂಡಳು.

ಕೊಟ್ರೇಶ್ ನಗಲಿಲ್ಲ. ಆ ಹೊತ್ತಿಗೆ ಅವನಿಗೆ ನಗು ಬರುವ ಸ್ಥಿತಿಯೂ ಇರಲಿಲ್ಲ.

"ಶರ್ಟ್ ಆದ್ರೆ ನಾನೊಬ್ನೇ ಹಾಕ್ಕೋಬೇಕು ಮಾವಾ. ಇಂಥ ಬಟ್ಟೆ ಎಲ್ರಿಗೂ ಕಾಣಂಗಿರಬೇಕು," ಅಂದವನೇ ಬಟ್ಟೆ ಝಾಡಿಸಿ, ಹದವಾಗಿ ನೆರಿಗೆ ಹಿಡಿದು, ಗೋಡೆ ಉದ್ದಕ್ಕೆ ಕಟ್ಟಿದ್ದ ತೋರಣದ ದಾರದ ಮೇಲೆ ಇಳಿಬಿಟ್ಟ. ಎಂಟು ನೆರಿಗೆ, ಒಂದಕ್ಕಿಂತ ಒಂದು ಗೆರೆ ಎಳೆದಂತೆ! ತಟ್ಟೆಯಷ್ಟು ಅಗಲದ ತೂತು ಮಾಯ! ಅಳಿಯ ಕೊಟ್ಟ ಉಡುಗೊರೆ ಕೊರೆದದ್ದನ್ನು ಮಾವ ಕೊಟ್ಟ ಉಡುಗೊರೆ ಮುಚ್ಚಿತು.

ಮಾವ ಎದ್ದು ಬಂದು ಒಂದು ನೆರಿಗೆಯನ್ನು ಮುಟ್ಟಿ ನೋಡಿದರು. ಕೈ ಹಿಂದೆ ತೆಗೆದುಕೊಂಡರು. ಏನನ್ನೂ ಸರಿಮಾಡಲಿಲ್ಲ!

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಶಿವಮೂರ್ತಪ್ಪ ಹಬ್ಬದ ಎಲೆಯಡಿಕೆಗೆ ಬಂದರು.

"ಏನ್ರೀ ಪಂಚಾಕ್ಷರಪ್ಪ, ಪರದೆ ಭಾರೀ ಐತಲ್ರೀ! ನೆರಿಗೆ ನೋಡ್ರಿ! ಯಾರ ಕೆಲ್ಸ?"

"ನಮ್ಮ ಅಳಿಯಂದ್ರದ್ದು."

ಕೊಟ್ರೇಶನಿಗೆ ಕಿವಿ ನಂಬಲಾಗಲಿಲ್ಲ! ಎದೆ ಎರಡಿಂಚು ಉಬ್ಬಿತು. ಡ್ರಿಲ್ಲಿಲ್ಲದೆ, ಕರೆಂಟಿಲ್ಲದೆ ಮಾವನ ಕಲ್ಲೆದೆಯಲ್ಲಿ ತೂತು ಬಿದ್ದೇ ಬಿಟ್ಟಿತು ಅಂತ ಅವನು ಶಿವಲೀಲಾಳ ಕಡೆ ಹುಬ್ಬು ಹಾರಿಸಿದ.

ಮೇಷ್ಟ್ರು ಸುಮ್ಮನಿರುವ ಜಾತಿಯಲ್ಲ. ಬಟ್ಟೆ ದಪ್ಪ ಪರೀಕ್ಷಿಸಲು ಹತ್ತಿರ ಹೋಗಿ ಪರದೆಯನ್ನು ಪಕ್ಕಕ್ಕೆ ಸರಿಸಿಯೇ ಬಿಟ್ಟರು. ಒಳಗೆ ಬಾಯಿ ತೆರೆದ ಗುಂಡಿ, ಅದರೊಳಗೆ ಗೀರು ಗೀರಾದ ಕರಿಕಲ್ಲು.

"ಅಲೆಲೆಲೆ! ಇದೇನ್ರೀ ಇದು? ಇದೂ ಅಳಿಯಂದ್ರದ್ದೇನಾ?"

ಪಂಚಾಕ್ಷರಪ್ಪ ನಿಧಾನವಾಗಿ ಅಡಿಕೆ ಬಾಯಿಗೆ ಹಾಕಿಕೊಂಡರು.

"ಹೂಂ, ಅದೂ ಅವರದ್ದೇ. ಪರದೆ ಮೊದ್ಲು ಹಾಕ್ಯಾರೆ," ಅಂದರು. "ಕಿಟಕಿ ಇನ್ನೂ ಕೊರೀತಾ ಅದಾರೆ."